ಮೈಸೂರ್‌ಪಾಕಿಗೊಂದು ನ್ಯಾಯ, ಫಾರ್ಚೂನ್ ಕುಕಿಗೊಂದು ನ್ಯಾಯ?

ತುಂಬಾ ದಿನ ಆಗಿತ್ತು ಇಲ್ಲಿ ಏನಾದರೂ ಬರೆದು. ಸೋಮಾರಿತನ, ಆಫೀಸು, ಅದೂ ಇದೂ... ನೆಪಗಳಿಗೇನು ಬರವಿಲ್ಲ. ಆದರೆ ಮೊನ್ನೆ ಒಂದು ಜಗಳ ಆಯಿತು ನೋಡಿ, ಬರೆಯದೆ ಇರೋಕೆ ಆಗಲಿಲ್ಲ. ಜಗಳ ನಮ್ಮ ಭಾವನ ಜೊತೆ. ವಿಷಯ: ಒಂದು ಬಿಸ್ಕತ್ತು.

ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾವ ಒಂದು ಫಾರ್ವರ್ಡ್ ಹಾಕಿದ್ದರು. "ನಿಮಗೆ ಗೊತ್ತೇ?" ಅಂತ ಶುರುವಾಗುವ ಜಾತಿಯದ್ದು. ಅದರ ಸಾರಾಂಶ ಇಷ್ಟು: 14ನೇ ಶತಮಾನದಲ್ಲಿ ಚೀನಾವನ್ನು ಮಂಗೋಲರು ಆಳುತ್ತಿದ್ದಾಗ, ದಂಗೆ ಏಳುವವರು ಮೂನ್‌ಕೇಕ್ ಒಳಗೆ ಚೀಟಿ ಬಚ್ಚಿಟ್ಟು ಒಬ್ಬರಿಗೊಬ್ಬರು ಸುದ್ದಿ ಕಳಿಸುತ್ತಿದ್ದರಂತೆ. ಅದೇ ಮುಂದೆ ಫಾರ್ಚೂನ್ ಕುಕಿ ಆಯಿತಂತೆ. ಚೀನಾದ ಸಾವಿರಾರು ವರ್ಷಗಳ ಜಾಣ್ಮೆಗೆ ನಮಸ್ಕಾರ ಅಂತ ಕೊನೆಗೆ ಕೈಮುಗಿದ ಚಿತ್ರ ಬೇರೆ.

ಫಾರ್ಚೂನ್ ಕುಕಿ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಚೀನೀ ಹೋಟೆಲ್‌ಗಳಲ್ಲಿ ಊಟ ಮುಗಿದ ಮೇಲೆ ಬಿಲ್ಲಿನ ಜೊತೆ ಒಂದು ಗರಿಗರಿ ಬಿಸ್ಕತ್ತು ಕೊಡುತ್ತಾರೆ. ದುಂಡಗಿನ ತೆಳ್ಳನೆ ಹಾಳೆಯನ್ನು ಅರ್ಧಕ್ಕೆ ಮಡಚಿ, ನಡುವೆ ಬಗ್ಗಿಸಿದ ಆಕಾರ. ಮುರಿದರೆ ಒಳಗೊಂದು ಚೀಟಿ. "ನಿಮಗೆ ಶೀಘ್ರದಲ್ಲೇ ಪ್ರಯಾಣ ಯೋಗವಿದೆ" ಥರದ್ದು. ನಮ್ಮ ಬುಡುಬುಡಿಕೆಯವರು ಬಾಗಿಲಲ್ಲಿ ನಿಂತು ಹಾಲಕ್ಕಿ ಶಕುನ ಹೇಳ್ತಾರಲ್ಲ, ಅದನ್ನೇ ಚೀಟಿಯಲ್ಲಿ ಅಚ್ಚು ಹಾಕಿಸಿದ ಹಾಗೆ :-)

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಭಾವಾ, ಇದು ಚೀನಾದ್ದಲ್ಲ, ಜಪಾನಿನದು, ಈ ಕತೆ ಸುಳ್ಳು" ಅಂತ ಬರೆದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಎಂತ ಮಾರಾಯ, ಚೀನದವ ಮಾಡಿದ್ರೆಂತ, ಜಪಾನಿನವ ಮಾಡಿದ್ರೆಂತ? ಎಲ್ಲ ಒಂದೇ ಅಲ್ವ? ತಿಂದು ಚೀಟಿ ಓದಿದ್ರೆ ಆಯ್ತಪ್ಪ."

ಇದೇ ಭಾವ 2019ರಲ್ಲಿ ಏನು ಮಾಡಿದ್ದರು ಅಂತ ಕೇಳಿ. ಮೈಸೂರ್‌ಪಾಕ್ ತಮಿಳುನಾಡಿನ ಪಾಲಾಯಿತು ಅಂತ ಒಬ್ಬರು ತಮಾಷೆಗೆ ಹಾಕಿದ ಟ್ವೀಟ್ ಊರೆಲ್ಲ ಸುದ್ದಿಯಾಗಿತ್ತಲ್ಲ, ಆಗ ಅರಮನೆ, ನಾಲ್ವಡಿ ಕೃಷ್ಣರಾಜ ಒಡೆಯರು, ಅಡಿಗೆ ಮಾಡುತ್ತಿದ್ದ ಕಾಕಾಸುರ ಮಾದಪ್ಪ ಎಲ್ಲರನ್ನೂ ಎಳೆದು ತಂದು ಮೂರು ದಿನ ಇದೇ ಗುಂಪಿನಲ್ಲಿ ಯುದ್ಧ ಮಾಡಿದ್ದರು. ಆಗ "ತಿಂದರಾಯ್ತಪ್ಪ" ಅಂತ ಯಾರಾದರೂ ಹೇಳಿದ್ದರೆ ಅವರ ಗತಿ ಏನಾಗುತ್ತಿತ್ತೋ! ತಮಾಷೆಗೆ ಹಾಕಿದ ಒಂದು ಟ್ವೀಟಿಗೆ ನಮಗೆ ಅಷ್ಟು ನೋವಾಯಿತು. ನಿಜಕ್ಕೂ ಕಳೆದುಕೊಂಡವರ ವಿಷಯ ಬಂದರೆ ಮಾತ್ರ "ಎಲ್ಲ ಒಂದೇ". ನನ್ನ ತಕರಾರು ಇರೋದು ಇಲ್ಲೇ.

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. ಈ ಮೂನ್‌ಕೇಕ್ ಕತೆಯನ್ನು ನಾನೂ ಹೇಳಿದ್ದೇನೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸದರಲ್ಲಿ, ಟೀಮಿನವರೆಲ್ಲ ಊಟಕ್ಕೆ ಹೋದಾಗ, ದೊಡ್ಡ ಪಂಡಿತನ ಹಾಗೆ ಕುಕಿ ಮುರಿಯುತ್ತಾ ಹೇಳಿದ್ದೆ. ಎದುರಿಗೆ ಕೂತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, ಜಪಾನೀ ಮೂಲದ ಅಮೆರಿಕನ್, ಪೂರ್ತಿ ಕೇಳಿ, "ನಮ್ಮ ಮನೇಲಿ ಬೇರೆ ಥರ ಹೇಳ್ತಿದ್ರು" ಅಂತಷ್ಟೇ ಅಂದು ನಕ್ಕರು. ನಾನು ಏನು ಅಂತ ಕೇಳಲೂ ಇಲ್ಲ. ಅವರು ನಿವೃತ್ತರಾಗಿ ಹೋದ ಮೇಲೆ ಒಂದು ದಿನ ಮಾತಿನ ನಡುವೆ ಯಾರೋ ಹೇಳಿದರು, ಅವರ ಅಮ್ಮ ಹುಟ್ಟಿದ್ದು 1943ರಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಅಂತ. ಆ ನಗು ಇವತ್ತಿಗೂ ಚುಚ್ಚುತ್ತೆ. ಅವತ್ತಿನಿಂದ ಈ ಬಿಸ್ಕತ್ತಿನ ಹಿಂದೆ ಬಿದ್ದವನು ನಾನು.

ಸರಿ, ಈಗ ಸಾಕ್ಷಿಗೆ ಬರೋಣ.

ಯಾಸುಕೋ ನಕಮಾಚಿ ಅಂತ ಒಬ್ಬರು ಜಪಾನೀ ಸಂಶೋಧಕಿ. ಜಾನಪದ, ಸಿಹಿತಿಂಡಿಗಳ ಇತಿಹಾಸ ಅವರ ವಿಷಯ. 1980ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಚೀನೀ ಹೋಟೆಲಿನಲ್ಲಿ ಅವರು ಮೊದಲ ಸಲ ಫಾರ್ಚೂನ್ ಕುಕಿ ನೋಡಿದ್ದು. ಆಮೇಲೆ 1990ರ ದಶಕದ ಕೊನೆಗೆ ಕ್ಯೋಟೋದ ಫುಶಿಮಿ ಇನಾರಿ ಗುಡಿಯ ಹತ್ತಿರ (ಸಾವಿರಾರು ಕೆಂಪು ಕಮಾನುಗಳು ಸಾಲಾಗಿ ನಿಂತಿರುವ ಫೋಟೋ ನೋಡಿರ್ತೀರಲ್ಲ, ಅದೇ ಗುಡಿ) ಒಂದು ಹಳೇ ತಿಂಡಿ ಅಂಗಡಿಯಲ್ಲಿ ಅದೇ ಆಕಾರದ ಬಿಸ್ಕತ್ತು ಕಂಡು ನಿಂತುಬಿಟ್ಟರು. ಅಮೆರಿಕದ್ದಕ್ಕಿಂತ ದೊಡ್ಡದು, ಬಣ್ಣ ಕಂದು, ಬೆಣ್ಣೆ ವೆನಿಲಾ ಬದಲು ಎಳ್ಳು ಮತ್ತು ಮಿಸೋ ಹಾಕಿದ್ದು. ಚೀಟಿ ಕೂಡ ಇದೆ, ಆದರೆ ಹೊಟ್ಟೆಯೊಳಗಲ್ಲ, ಮಡಿಕೆಯ ಹೊರಗಿನ ಸಂದಿಗೆ ಸಿಕ್ಕಿಸಿದ್ದು. ಅವಸರದಲ್ಲಿ ಕಾಗದ ನುಂಗುವ ಭಯ ಇಲ್ಲ! ಹೆಸರು ತ್ಸುಜಿಯುರಾ ಸೆನ್‌ಬೇ. ತ್ಸುಜಿ ಅಂದರೆ ಕೂಡುದಾರಿ, ಉರಾ ಅಂದರೆ ಶಕುನ. ಕೂಡುದಾರಿಯಲ್ಲಿ ನಿಂತು, ಹಾದುಹೋಗುವವರ ಬಾಯಿಂದ ಬಿದ್ದ ಮಾತನ್ನೇ ಶಕುನ ಅಂತ ಹಿಡಿಯುವ ಹಳೇ ಪದ್ಧತಿಯಿಂದ ಬಂದ ಹೆಸರು.

ನಕಮಾಚಿ ಅಲ್ಲಿಗೇ ಬಿಡಲಿಲ್ಲ. ಆರು ವರ್ಷಕ್ಕೂ ಹೆಚ್ಚು ಕಾಲ ಹಳೇ ಪುಸ್ತಕ, ಹಳೇ ಚಿತ್ರಗಳನ್ನು ಜಾಲಾಡಿದರು. 1878ರ 'ಮೊಶಿಯೊಗುಸಾ ಕಿನ್ಸೇ ಕಿದನ್' ಅನ್ನೋ ಕತೆಗಳ ಪುಸ್ತಕದಲ್ಲಿ ಒಂದು ಚಿತ್ರ ಸಿಕ್ಕಿತು. ಅಂಗಡಿಯ ಹುಡುಗನೊಬ್ಬ ಕೆಂಡದ ಒಲೆಯ ಮುಂದೆ ಕೂತು, ಉದ್ದ ಹಿಡಿಯ ಕಬ್ಬಿಣದ ಅಚ್ಚುಗಳನ್ನು ಸಾಲಾಗಿ ಇಟ್ಟುಕೊಂಡು ತ್ಸುಜಿಯುರಾ ಸೆನ್‌ಬೇ ಸುಡುತ್ತಿದ್ದಾನೆ. 2008ರ ಜನವರಿಯಲ್ಲಿ ಜೆನಿಫರ್ 8 ಲೀ ಅನ್ನೋ ಪತ್ರಕರ್ತೆ ಇದನ್ನೆಲ್ಲ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಾಗ ಜಗತ್ತಿಗೆ ಗೊತ್ತಾಯಿತು. ಇಲ್ಲಿ ಗಮನಿಸಿ, ಆ ಲೀ ಚೀನೀ ಮೂಲದ ಅಮೆರಿಕನ್. "ನಮ್ಮದು" ಅನ್ನಬಹುದಾಗಿದ್ದವರೇ "ನಮ್ಮದಲ್ಲ" ಅಂತ ಬರೆದರು.

ಈಗ ಆ ಅಚ್ಚಿನ ಬಗ್ಗೆ. ಅದನ್ನು ಜಪಾನಿನಲ್ಲಿ 'ಕತಾ' ಅಂತಾರೆ. ಇಕ್ಕಳದ ಎರಡು ತುದಿಗೆ ಎರಡು ಪುಟ್ಟ ದುಂಡನೆ ಕಾವಲಿ ಬೆಸೆದರೆ ಹೇಗಿರುತ್ತೆ, ಹಾಗೆ. ಕಾದ ಅಚ್ಚಿನೊಳಗೆ ಒಂದು ಚಮಚ ಹಿಟ್ಟು ಹುಯ್ದು, ಮುಚ್ಚಿ, ಒಲೆ ಮೇಲೆ ಆ ಕಡೆ ಈ ಕಡೆ ಮಗುಚಿ, ತೆಗೆದು, ಬಿಸಿ ಇರುವಾಗಲೇ ಬರಿಗೈಯಲ್ಲಿ ಮಡಚಬೇಕು. ಹಿಟ್ಟಿನಲ್ಲಿ ಸಕ್ಕರೆ ಜಾಸ್ತಿ. ಬಿಸಿ ಇದ್ದಾಗ ಬಟ್ಟೆಯ ಹಾಗೆ ಬಾಗುತ್ತೆ, ಆರಿತೋ ಗಾಜಿನ ಹಾಗೆ ಒಡೆಯುತ್ತೆ. ನಡುವೆ ಸಿಗುವುದು ಕೆಲವೇ ಸೆಕೆಂಡು. ಕೆಲಸದ ಮೇಲೆ ಒಮ್ಮೆ ಜಪಾನಿಗೆ ಹೋದಾಗ ನಾನು ಫುಶಿಮಿಗೂ ಹೋಗಿ ಇದನ್ನು ನಿಂತು ನೋಡಿ ಬಂದೆ. ಸುಡುವವರ ಕೈ ನೋಡುತ್ತಾ ನನಗೆ ನೆನಪಾಗಿದ್ದು ಕಾದ ಹೋಳಿಗೆಯನ್ನು ಕಾವಲಿಯಿಂದ ಬರಿಗೈಯಲ್ಲೇ ಎತ್ತುತ್ತಿದ್ದ ನಮ್ಮಮ್ಮನ ಬೆರಳುಗಳು.

ಇಲ್ಲಿ ಒಂದು ಆಕ್ಷೇಪ ಬರುತ್ತೆ. ನನ್ನ ಹೆಂಡತಿಯೇ ಎತ್ತಿದಳು, ಸರಿಯಾದ ಆಕ್ಷೇಪ. "ಅಚ್ಚು ಒಂದೇ ಥರ ಇದ್ದ ಮಾತ್ರಕ್ಕೆ ಏನು ಸಾಬೀತಾಯ್ತು? ನಮ್ಮ ಪಡ್ಡಿನ ಹಂಚು, ಜಪಾನಿನ ತಾಕೋಯಾಕಿ ಹಂಚು, ಡೆನ್ಮಾರ್ಕಿನವರ ಎಬ್ಲೆಸ್ಕೀವರ್ ಹಂಚು ಎಲ್ಲದರಲ್ಲೂ ಗುಳಿ ಇದೆ. ಹಾಗಂತ ಪಡ್ಡು ಡೆನ್ಮಾರ್ಕಿಂದ ಬಂತಾ?" ನಿಜ. ಉದ್ದ ಹಿಡಿಯ ಜೋಡಿ ಕಾವಲಿ ಯುರೋಪಿನಲ್ಲೂ ಮಧ್ಯಯುಗದಿಂದ ಇತ್ತು. ಇಟಲಿಯವರು ಪಿಟ್ಸೆಲ್ಲೆ ಸುಡೋದು ಅಂಥದ್ದರಲ್ಲೇ. ಬರೀ ಅಚ್ಚು ತೋರಿಸಿ ನಾನು ವಾದ ಮಾಡಿದರೆ ನನ್ನದೂ ಇನ್ನೊಂದು ಫಾರ್ವರ್ಡೇ ಆಗುತ್ತೆ.

ಆದರೆ ಇಲ್ಲಿ ಬರೀ ಅಚ್ಚಿಲ್ಲ. ಅದೇ ಅಚ್ಚು, ಅದೇ ವಿಚಿತ್ರ ಮಡಿಕೆ, ಅದೇ ಶಕುನದ ಚೀಟಿ, ಮೂರೂ ಒಟ್ಟಿಗೆ ಒಂದೇ ಕಡೆ. ಅದೂ ಅಮೆರಿಕದ ಯಾವುದೇ ಹಕ್ಕುದಾರರಿಗಿಂತ ಮೊದಲು. ಕೊನೆಯದಾಗಿ, ಆ ಅಚ್ಚು ಸಮುದ್ರ ದಾಟಿದ್ದು ಯಾರ ಕೈಯಲ್ಲಿ ಅನ್ನೋದಕ್ಕೂ ದಾರಿ ಸಿಗುತ್ತೆ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಜಪಾನೀ ಟೀ ಗಾರ್ಡನ್ ಇದೆ. ಬೇ ಏರಿಯಾದಲ್ಲಿರೋ ಕನ್ನಡಿಗರೆಲ್ಲ ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿ ಫೋಟೋ ತೆಗೆಸಿರೋ ಜಾಗ. 1894ರ ವಸ್ತುಪ್ರದರ್ಶನಕ್ಕೆ ಅಂತ ಹುಟ್ಟಿದ್ದು. ಅದನ್ನು ಬೆಳೆಸಿ ನೋಡಿಕೊಂಡವರು ಮಕೋಟೋ ಹಗಿವಾರ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಚಹಾ ಜೊತೆ ಈ ಬಿಸ್ಕತ್ತು ಕೊಡುತ್ತಿದ್ದರು. ಬೇಡಿಕೆ ಹೆಚ್ಚಾದಾಗ ಅದನ್ನು ಮಾಡಿಕೊಡುತ್ತಿದ್ದದ್ದು ಬೆಂಕ್ಯೋಡೋ ಅನ್ನೋ ಜಪಾನೀ ಮಿಠಾಯಿ ಅಂಗಡಿ, 1906ರಲ್ಲಿ ಶುರುವಾದದ್ದು. ಎಳ್ಳು ಮಿಸೋ ಬಿಟ್ಟು ಅಮೆರಿಕನ್ನರ ನಾಲಿಗೆಗೆ ಬೆಣ್ಣೆ ವೆನಿಲಾ ಹಾಕಿದ್ದು ತಾವೇ ಅಂತ ಆ ಮನೆತನದವರು ಹೇಳುತ್ತಾರೆ. ಆ ಮನೆತನದ ಕೈಯಲ್ಲಿ ಉಳಿದ ಹಳೇ ಅಚ್ಚುಗಳ ಮೇಲೆ ಎಂ.ಎಚ್. ಅಂತ ಕೆತ್ತಿದೆ. ಮಕೋಟೋ ಹಗಿವಾರ! ಮದುವೆ ಮನೆಗೆ ಕೊಟ್ಟ ಪಾತ್ರೆ ವಾಪಸ್ ಬರಲಿ ಅಂತ ನಮ್ಮ ಮನೆಗಳಲ್ಲಿ ತಳದಲ್ಲಿ ಹೆಸರು ಕೊರೆಸುತ್ತೇವಲ್ಲ, ಹಾಗೆ.

ಲಾಸ್ ಏಂಜಲಿಸಿನವರು ಸುಮ್ಮನಿರುತ್ತಾರಾ? ಹಾಂಗ್‌ಕಾಂಗ್ ನೂಡಲ್ ಕಂಪನಿಯ ಡೇವಿಡ್ ಜಂಗ್ ಅನ್ನೋ ಚೀನೀ ಮೂಲದವರು 1918ರ ಹೊತ್ತಿಗೆ ತಾವೇ ಕಂಡುಹಿಡಿದದ್ದು ಅಂದರು. ಅಲ್ಲಿಯ ಲಿಟಲ್ ಟೋಕಿಯೋದಲ್ಲಿ 1903ರಲ್ಲಿ ಶುರುವಾದ ಫುಗೆತ್ಸುದೋ ಅಂಗಡಿಯವರು ತಾವು ಅಂದರು. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮಾಷೆಗೆ ಒಂದು 'ಇತಿಹಾಸದ ಕೋರ್ಟು' ಕೂತು ಹಗಿವಾರ ಪರ ತೀರ್ಪು ಕೊಟ್ಟಿತು. ಅಲ್ಲೂ ಸಾಕ್ಷಿಯಾಗಿ ಕಬ್ಬಿಣದ ಅಚ್ಚು ಹಾಜರಾಗಿತ್ತು. ಆದರೆ ಅವರು ಕಿತ್ತಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋನೋ ಲಾಸ್ ಏಂಜಲಿಸೋ ಅಂತ. 1878ರ ಆ ಚಿತ್ರ ಇಬ್ಬರಿಗಿಂತಲೂ ಹಳೆಯದು. ಇನ್ನು ಮೂನ್‌ಕೇಕ್ ದಂಗೆಗೂ ಈ ಕುಕಿಗೂ ನಡುವೆ ಕೊಂಡಿ ಏನಿದೆ? ಐನೂರು ವರ್ಷ ಖಾಲಿ. ಒಂದು ಅಚ್ಚಿಲ್ಲ, ಒಂದು ಚಿತ್ರವಿಲ್ಲ. ಬ್ರೂಕ್ಲಿನ್ನಿನ ವಾನ್‌ಟನ್ ಫುಡ್ ಅನ್ನೋ ದೊಡ್ಡ ಕುಕಿ ಕಂಪನಿ 1990ರ ದಶಕದಲ್ಲಿ ಇದನ್ನು ಚೀನಾದಲ್ಲೇ ಮಾರಲು ಹೋಗಿ, ಅಲ್ಲಿಯವರು "ಇದೆಂಥ ಅಮೆರಿಕದ ತಿಂಡಿ" ಅಂದಿದ್ದಕ್ಕೆ ವಾಪಸ್ ಬಂತು!

ಹಾಗಾದರೆ ಜಪಾನಿನದು ಚೀನಾದ್ದಾಗಿದ್ದು ಹೇಗೆ? ಭಾವ ಈ ಭಾಗವನ್ನು ದಯವಿಟ್ಟು ಓದಬೇಕು.

ಮೊದಲ ಹೆಜ್ಜೆ ಸಾಧುವಾದದ್ದೇ. ಆ ಕಾಲದಲ್ಲಿ ಅಮೆರಿಕನ್ನರಿಗೆ ಹಸಿ ಮೀನು ಬಡಿಸಿ ಹೋಟೆಲ್ ನಡೆಸೋಕಾಗುತ್ತಿರಲಿಲ್ಲ. ಹಾಗಾಗಿ ಎಷ್ಟೋ ಜಪಾನೀಯರು ಚೀನೀ ಮಾದರಿಯ ಚಾಪ್‌ಸೂಯಿ ಹೋಟೆಲ್‌ಗಳನ್ನೇ ನಡೆಸುತ್ತಿದ್ದರು. ಕುಕಿ ಚೀನೀ ಊಟದ ಮೇಜಿಗೆ ಬಂದಿದ್ದು ಹಾಗೆ.

ಎರಡನೇ ಹೆಜ್ಜೆ ಸಾಧುವಲ್ಲ. 1942ರ ಫೆಬ್ರವರಿ 19ಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆಜ್ಞೆಗೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1 ಲಕ್ಷ 20 ಸಾವಿರ ಜಪಾನೀ ಮೂಲದವರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ತುಂಬಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಕೈಯಲ್ಲಿ ಹೊರುವಷ್ಟು ಸಾಮಾನಿಗೆ ಮಾತ್ರ ಅವಕಾಶ. ಬಟ್ಟೆ, ಹಾಸಿಗೆ, ಮಕ್ಕಳನ್ನು ಎತ್ತಿಕೊಳ್ಳುತ್ತಾರೋ, ಕಬ್ಬಿಣದ ಅಚ್ಚುಗಳನ್ನೋ? ತಿಂಡಿ ಅಂಗಡಿಗಳು ಒಂದೇ ಸಲಕ್ಕೆ ಮುಚ್ಚಿದವು. ಹಗಿವಾರ 1925ರಲ್ಲೇ ತೀರಿಕೊಂಡಿದ್ದರು. ತೋಟದಲ್ಲೇ ಮನೆ ಮಾಡಿಕೊಂಡಿದ್ದ ಅವರ ಕುಟುಂಬವನ್ನು 1942ರಲ್ಲಿ ಹೊರಹಾಕಿದರು. ತೋಟದ ಹೆಸರಿನಿಂದ 'ಜಪಾನೀ' ಅನ್ನೋ ಪದವನ್ನೂ ಕಿತ್ತರು. 1952ರವರೆಗೆ ಅದು ಬರೀ 'ಓರಿಯಂಟಲ್ ಟೀ ಗಾರ್ಡನ್'.

ಭಾವಾ, "ಚೀನದವನಾದ್ರೆಂತ, ಜಪಾನಿನವನಾದ್ರೆಂತ" ಅಂದಿರಲ್ಲ. ಆ ಬೋರ್ಡು ಬರೆಸಿದವರೂ ಹೆಚ್ಚು ಕಡಿಮೆ ಅದನ್ನೇ ಹೇಳಿದ್ದು. 'ಓರಿಯಂಟಲ್' ಅಂದರೆ ಪೂರ್ವದವರು, ಎಲ್ಲ ಒಂದೇ.

ಯುದ್ಧದ ಕಾಲದಲ್ಲಿ ಚೀನೀ ಬೇಕರಿಗಳು ಕುಕಿ ಮಾಡತೊಡಗಿದವು. ಕ್ಯಾಲಿಫೋರ್ನಿಯಾ ಮೂಲಕ ಹಾದುಹೋದ ಸೈನಿಕರು ಊರಿಗೆ ಮರಳಿ ಅಲ್ಲಿಯ ಚೀನೀ ಹೋಟೆಲ್‌ಗಳಲ್ಲೂ "ಆ ಚೀಟಿ ಬಿಸ್ಕತ್ತು ಎಲ್ಲಿ?" ಅಂತ ಕೇಳಿದರಂತೆ. 1950ರ ದಶಕದ ಕೊನೆಗೆ ವರ್ಷಕ್ಕೆ ಅಂದಾಜು 25 ಕೋಟಿ ಕುಕಿ ತಯಾರಾಗುತ್ತಿತ್ತು. 2008ರ ಹೊತ್ತಿಗೆ ಸುಮಾರು 300 ಕೋಟಿ. ಕೈಯಲ್ಲಿ ಮಡಚುವ ಕಾಲ ಹೋಗಿ, ಮಡಚುವ ಯಂತ್ರವೂ ಬಂತು.

ಈಗ ಇನ್ನೊಂದು ಗುಂಪಿನವರಿಗೂ ಎರಡು ಮಾತು. ಇಷ್ಟು ಓದಿ "ಓಹೋ, ಹಾಗಾದ್ರೆ ಚೀನೀಯರು ಕದ್ದರು" ಅಂತ ಕುಣಿಯುವವರು ಇರುತ್ತಾರೆ. ಅದೂ ತಪ್ಪು. 1882ರ ಕಾಯಿದೆಯಿಂದ ಚೀನೀ ಕೆಲಸಗಾರರಿಗೆ ಅಮೆರಿಕದ ಬಾಗಿಲನ್ನೇ ಮುಚ್ಚಿದ್ದರು, ಅದು ರದ್ದಾಗಿದ್ದು 1943ರಲ್ಲಿ. ಹೊಟ್ಟೆಪಾಡಿಗೆ ಹೋಟೆಲು, ಲಾಂಡ್ರಿ ಬಿಟ್ಟರೆ ಹೆಚ್ಚು ದಾರಿ ಬಿಟ್ಟಿರಲಿಲ್ಲ ಅವರಿಗೆ. ಗಿರಾಕಿ ಕೇಳಿದ್ದನ್ನು ಮಾಡಿ ಕೊಟ್ಟರು, ಚೆನ್ನಾಗಿ ಮಾಡಿದರು, ಜಗತ್ತಿಗೇ ಹಂಚಿದರು. ಅವರ ದುಡಿಮೆ ಇಲ್ಲದಿದ್ದರೆ ಇವತ್ತು ಈ ಕುಕಿ ಫುಶಿಮಿಯ ಒಂದು ಬೀದಿಯಲ್ಲಿ ಮಾತ್ರ ಇರುತ್ತಿತ್ತು. ಅಂಗಡಿ ಬಾಗಿಲು ಹಾಕಿಸಿದ್ದು ಚೀನೀಯರಲ್ಲ, ಸರ್ಕಾರ. ಆ ಸರ್ಕಾರವೇ 1988ರಲ್ಲಿ ಕಾಯಿದೆ ಮಾಡಿ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20 ಸಾವಿರ ಡಾಲರ್ ಕೊಟ್ಟಿತು. ಮನೆಗೆ, ಅಂಗಡಿಗೆ ಅಷ್ಟಾದರೂ ಸಿಕ್ಕಿತು ಅನ್ನೋಣ. ಬಿಸ್ಕತ್ತಿನ ಹೆಸರಿಗೆ ಪರಿಹಾರ ಕೊಡೋರು ಯಾರು?

ಕೊಡೋರು ನಾವೇ. ಕತೆ ಹೇಳುವವರು. ಇನ್ನೊಬ್ಬರ ಬರಹ ಹೆಸರಿಲ್ಲದೆ ಓಡಾಡಿದರೆ ಬ್ಲಾಗ್ ಬರೆಯುವ ನಮಗೆಲ್ಲ ಎಷ್ಟು ಉರಿಯುತ್ತೆ? "ನಾನು ರಾತ್ರಿಯೆಲ್ಲ ಕೂತು ಬರೆದಿದ್ದು, ಕೆಳಗೆ 'ಸಂಗ್ರಹ' ಅಂತ ಹಾಕಿಕೊಂಡಿದ್ದಾನೆ" ಅಂತ ನಮ್ಮಲ್ಲಿ ಎಷ್ಟು ಜನ ಗೋಳಾಡಿಲ್ಲ? ಆಗ ಯಾರಾದರೂ "ಯಾರು ಬರೆದರೇನು, ಓದೋಕೆ ಚೆನ್ನಾಗಿದೆಯಲ್ಲ" ಅಂದರೆ ಸಮಾಧಾನ ಆಗುತ್ತಾ? ಬೆಂಕಿಯ ಮುಂದೆ ಕೂತು ಬೆರಳು ಸುಟ್ಟುಕೊಂಡವರಿಗೂ ಅದೇ ಮಾತು ಅನ್ವಯಿಸುತ್ತೆ.

ಬೆಂಕ್ಯೋಡೋ ಅಂಗಡಿಯವರು ಯುದ್ಧ ಮುಗಿದ ಮೇಲೆ ಮರಳಿ ಬಂದು ಮತ್ತೆ ಬಾಗಿಲು ತೆರೆದರು. ಮೋಚಿ, ಮಂಜೂ ಅನ್ನೋ ಸಿಹಿಗಳಿಗೆ ಹೆಸರಾಗಿತ್ತು ಅದು. 2022ರ ಮಾರ್ಚ್ 31ಕ್ಕೆ, 115 ವರ್ಷ ದಾಟಿದ ಆ ಅಂಗಡಿ ಶಾಶ್ವತವಾಗಿ ಮುಚ್ಚಿತು. ಕೊನೆಯ ದಿನಗಳಲ್ಲಿ ಅಲ್ಲಿ ಉದ್ದ ಸಾಲು. ನಾನೂ ನಿಂತಿದ್ದೆ. ನನ್ನ ಹಿಂದೆ ಇದ್ದ ಹುಡುಗನೊಬ್ಬ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, "ಯಾವುದೋ ಹಳೇ ಮೋಚಿ ಅಂಗಡಿಯಂತೆ" ಅಂತ. ತಿರುಗಿ ಹೇಳೋಣ ಅನ್ನಿಸಿತು, ಹೇಳಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ಚಕ್ಕುಲಿ ಒರಳು, ಶ್ಯಾವಿಗೆ ಮಣೆ, ಪಡ್ಡಿನ ಹಂಚು, ಏನಿದೆಯೋ ನೋಡಿ. ಯಾರು ತಂದದ್ದು, ಯಾವ ಊರಿನ ಆಚಾರಿ ಮಾಡಿದ್ದು, ಅಜ್ಜಿ ಅದರಲ್ಲಿ ಏನು ಮಾಡುತ್ತಿದ್ದರು ಅಂತ ಇರುವವರನ್ನು ಕೇಳಿ ಬರೆದಿಡಿ. ತಿಂಡಿ ತಿಂದು ಮುಗಿಯುತ್ತೆ, ಬಾಯಿಮಾತು ಬದಲಾಗುತ್ತೆ. 1878ರ ಆ ಚಿತ್ರ ಮತ್ತು ಎರಡಕ್ಷರ ಕೆತ್ತಿದ ಒಂದಿಷ್ಟು ಕಬ್ಬಿಣ ಉಳಿಯದೇ ಹೋಗಿದ್ದರೆ ಇವತ್ತು ಮೂನ್‌ಕೇಕ್ ಕತೆಯೇ ಇತಿಹಾಸ ಆಗಿರುತ್ತಿತ್ತು.

ಕೊನೇ ಕೊಸರು: ಇದನ್ನೆಲ್ಲ ಚಿಕ್ಕದಾಗಿ ಬರೆದು ಮನೆ ಗುಂಪಿಗೂ ಹಾಕಿದೆ. ಭಾವ ಓದಿದ್ದಾರೆ, ಎರಡು ನೀಲಿ ಗೀಟು ಬಿದ್ದಿದೆ. ಉತ್ತರ ಇಲ್ಲ. ಅಕ್ಕ ಮಾತ್ರ ಪ್ರತ್ಯೇಕವಾಗಿ ಮೆಸೇಜು ಮಾಡಿದ್ದಾಳೆ: "ನಿನ್ನ ಭಾವ ಮಾಳಿಗೆಯಲ್ಲಿ ಏನೋ ಹುಡುಕ್ತಾ ಇದಾರೆ, ಎಂತ ಹೇಳಿದ್ಯ ನೀನು?" :-)